ಪಕ್ಕ ನಿಂತರೆ ಘಾಟು, ಸೋಫಾದಲ್ಲಿ ಕೂತರೆ ಏನೂ ಇಲ್ಲ: ಡಿಫ್ಯೂಸರ್ ಎಲ್ಲಿಡಬೇಕು?

ಬಿಸಿಲುಮಚ್ಚು:
ನಮಸ್ಕಾರ. ನನ್ನದು ನೀರು ಹಾಕುವ ಅಲ್ಟ್ರಾಸಾನಿಕ್ ಡಿಫ್ಯೂಸರ್, ಅಂದರೆ ನೀರಿಗೆ ಸುಗಂಧ ಎಣ್ಣೆಯ ಹನಿ ಹಾಕಿದರೆ ಮಂಜು ಎಬ್ಬಿಸಿ ಘಮ ಹರಡುವ ಮಷೀನ್, 300 ಮಿಲಿ ಟ್ಯಾಂಕ್. ಹಾಲ್‌ನಲ್ಲಿ ಟಿವಿ ಪಕ್ಕ ಮೊಣಕಾಲೆತ್ತರದ ಮರದ ಶೆಲ್ಫ್ ಮೇಲಿದೆ. ಅದರ ಮೇಲ್ಗಡೆ ಗೋಡೆಗೆ ಎಸಿ. ಹತ್ತಿರ ಹೋದರೆ ಲ್ಯಾವೆಂಡರ್ ಘಾಟು ಮೂಗಿಗೆ ಹೊಡೆಯುತ್ತದೆ, ಎದುರಿನ ಸೋಫಾದಲ್ಲಿ ಕೂತರೆ ಏನೂ ಗೊತ್ತಾಗಲ್ಲ. ಶೆಲ್ಫ್ ಮೇಲೆ ಒದ್ದೆ ಉಂಗುರ ಬಿದ್ದು ಪಾಲಿಶ್ ಬೆಳ್ಳಗಾಗಿದೆ. ಟಿವಿ ಪರದೆ ಮೇಲೆ ಬಿಳಿ ಪುಡಿ ಬೇರೆ. ಘಮ ಸಾಲದು ಅಂತ 20 ಹನಿವರೆಗೂ ಎಣ್ಣೆ ಹಾಕಿದೆ, ಮಂಜು ಇನ್ನೂ ಕಡಿಮೆಯಾಯಿತು. ಮಷೀನ್ ಕೆಟ್ಟಿದೆಯಾ, ಇಲ್ಲ ಜಾಗ ಸರಿ ಇಲ್ವಾ?

ಗಾಳಿಮಾತು:
ಎರಡು ಪ್ರಶ್ನೆ. ಎಸಿಯ ಗಾಳಿ ಯಾವ ಕಡೆ ಬೀಳುತ್ತದೆ? ಯಾವ ನೀರು ಹಾಕುತ್ತೀರಿ?

ಬಿಸಿಲುಮಚ್ಚು:
ಫ್ಲಾಪ್ ಕೆಳಕ್ಕೆ ತಿರುಗಿಸಿದ್ದೇನೆ, ಗಾಳಿ ನೇರ ಶೆಲ್ಫ್ ಕಡೆಗೇ. ನಲ್ಲಿ ನೀರು, ಸ್ವಲ್ಪ ಗಡಸು. ಕೆಟಲ್ ಒಳಗೂ ಪದರ ಕಟ್ಟುತ್ತದೆ.

ಗಾಳಿಮಾತು:
ಹಾಗಾದರೆ ಮಷೀನ್ ಚೆನ್ನಾಗಿಯೇ ಇದೆ. ಟ್ಯಾಂಕಿನ ತಳದಲ್ಲಿ ಒಂದು ಚಿಕ್ಕ ಬಿಲ್ಲೆ ಇರುತ್ತದೆ ನೋಡಿ. ಇಂಥ ಮಷೀನ್‌ಗಳಲ್ಲಿ ಸಾಮಾನ್ಯವಾಗಿ ಅದು ಸೆಕೆಂಡಿಗೆ ಸುಮಾರು 17 ಲಕ್ಷ ಸಲ ಅದುರುತ್ತದೆ. ಆ ಅದುರಿಗೆ ನೀರು ಒಡೆದು ಸಣ್ಣ ಸಣ್ಣ ಹನಿಯಾಗಿ ಮೇಲೇಳುತ್ತದೆ, ಎಣ್ಣೆಯೂ ಅದರ ಜೊತೆ ಹೋಗುತ್ತದೆ. ಇದು ಕುದಿಯುವ ನೀರಿನ ಹಬೆಯಲ್ಲ, ತಣ್ಣನೆಯ ಮಂಜು. ಸುತ್ತಲಿನ ಗಾಳಿಗಿಂತ ಭಾರ. ಸ್ವಲ್ಪ ಮೇಲೆದ್ದು ಮತ್ತೆ ಕೆಳಗಿಳಿಯುತ್ತದೆ. ಇಳಿಯುವಷ್ಟರಲ್ಲಿ ಹನಿಗಳು ಗಾಳಿಯಲ್ಲೇ ಆರಿದರೆ ಘಮ ಹರಡುತ್ತದೆ. ಆರುವ ಮೊದಲೇ ಏನಕ್ಕಾದರೂ ತಾಗಿದರೆ ಅಲ್ಲೇ ಒದ್ದೆ.

ನಿಮ್ಮಲ್ಲಿ ಎಸಿ ಅದನ್ನು ಒತ್ತಿ ಶೆಲ್ಫ್ ಮೇಲೇ ಕೂರಿಸುತ್ತಿದೆ. ಉಳಿದದ್ದು ಟಿವಿಗೆ. ಆ ಪುಡಿ ನೀರಿನಲ್ಲಿದ್ದ ಲವಣ, ನೀರು ಆರಿದ ಮೇಲೆ ಉಳಿದದ್ದು. ಡಿಸ್ಟಿಲ್ಡ್ ನೀರು ಹಾಕಿದರೆ ಪುಡಿ ನಿಲ್ಲುತ್ತದೆ. ಕುದಿಸಿ ಆರಿಸಿದ ನೀರಿನಿಂದ ಪುಡಿ ಪೂರ್ತಿ ಹೋಗುವುದಿಲ್ಲ, ಲವಣ ಬಹುಪಾಲು ಅದರಲ್ಲೇ ಇರುತ್ತದೆ.

ಇನ್ನು ಜಾಗ. ನೀವು ಎಲ್ಲಿ ಕೂರುತ್ತೀರಿ ಅನ್ನುವುದಕ್ಕಿಂತ ಗಾಳಿ ಎಲ್ಲಿಂದ ಶುರುವಾಗುತ್ತದೆ ಅಂತ ನೋಡಿ. ತೆಳ್ಳಗಿನ ಟಿಶ್ಯೂ ಪೇಪರ್‌ನ ಪಟ್ಟಿ ಹರಿದು, ತುದಿ ಹಿಡಿದು ಹಾಲ್ ತುಂಬ ಓಡಾಡಿ. ಪಟ್ಟಿ ನೇರ ನೇತಾಡಿದರೆ ಅಲ್ಲಿ ಗಾಳಿ ಸತ್ತಿದೆ. ಪಟಪಟ ಹೊಡೆದುಕೊಂಡರೆ ಗಾಳಿ ಜಾಸ್ತಿ, ಮಂಜು ಮೂರಾಬಟ್ಟೆಯಾಗುತ್ತದೆ. ಮೆಲ್ಲಗೆ ಒಂದೇ ಕಡೆ ವಾಲಿ, ಆ ವಾಲು ಸೋಫಾ ಕಡೆಗಿದ್ದರೆ ಅದೇ ಜಾಗ. ಗಾಳಿ ಬಂದಾಗ ತೂರಿಕೋ ಅನ್ನುತ್ತಾರಲ್ಲ, ಆದರೆ ಬಿರುಗಾಳಿಯಲ್ಲಿ ಯಾರೂ ತೂರುವುದಿಲ್ಲ.

ಎತ್ತರ ಸೊಂಟದಿಂದ ಎದೆ ಮಟ್ಟದವರೆಗೆ ಇರಲಿ. ಮೇಲೆ ಹಲಗೆ ಬೇಡ. ಪರದೆ, ಗೋಡೆ, ಪುಸ್ತಕ, ಸ್ವಿಚ್‌ಬೋರ್ಡ್ ಎಲ್ಲದರಿಂದ ಎರಡು ಮೂರು ಅಡಿ ದೂರ ಇಡಿ. ಸ್ಮೋಕ್ ಅಲಾರಂ ಇದ್ದರೆ ಅದರ ಕೆಳಗೂ ಬೇಡ, ಮಂಜನ್ನು ಹೊಗೆ ಅಂದುಕೊಂಡು ಕೂಗಬಹುದು. ಅಡಿಯಲ್ಲಿ ಬಟ್ಟೆ ಹಾಸಬೇಡಿ. ಸುಮಾರು ಮಾಡೆಲ್‌ಗಳಲ್ಲಿ ಒಳಗಿನ ಫ್ಯಾನ್ ಗಾಳಿ ಎಳೆಯುವುದು ತಳದಿಂದಲೇ. ಗಟ್ಟಿ ತಟ್ಟೆ ಇಡಿ, ಸಮತಟ್ಟಾಗಿರಲಿ.

20 ಹನಿ ವಿಪರೀತ ಆಯಿತು. ನೀರಿನ ಮೇಲೆ ಎಣ್ಣೆಯ ಪದರ ದಪ್ಪವಾದರೆ ಮಂಜು ಏಳುವುದೇ ಕಷ್ಟ. 100 ಮಿಲಿಗೆ 2-3 ಹನಿಯಿಂದ ಶುರು ಮಾಡಿ. ಮೊದಲು ವೈರ್ ಕಿತ್ತು, ಟ್ಯಾಂಕ್ ಖಾಲಿ ಮಾಡಿ, ಹತ್ತಿಗೆ ಸ್ಪಿರಿಟ್ ಹಚ್ಚಿ ಬಿಲ್ಲೆ ಒರೆಸಿ. ಉಗುರು, ಚಾಕು ತಾಗಿಸಬೇಡಿ. ನೀರು ಗರಿಷ್ಠ ಗೆರೆ ದಾಟಿದರೂ ಮಂಜು ಕುಗ್ಗುತ್ತದೆ.

ಮೂರನೇಮಹಡಿ:
ಇಷ್ಟೆಲ್ಲ ಯಾಕೆ? ಎಸಿ ಗಾಳಿ ಒಳಗೆಳೆದುಕೊಳ್ಳುವ ಜಾಗದ ಹತ್ತಿರ ಇಟ್ಟರೆ ಅದೇ ಮನೆಗೆಲ್ಲ ಹಂಚುತ್ತದೆ ಅಲ್ವಾ?

ಗಾಳಿಮಾತು:
ಹಂಚುತ್ತದೆ, ಆದರೆ ಫಿಲ್ಟರ್‌ಗೆ ಮತ್ತು ಒಳಗಿನ ಕಾಯಿಲ್‌ಗೆ ಎಣ್ಣೆ, ಲವಣ ಎರಡೂ ಮೆತ್ತಿಕೊಳ್ಳುತ್ತವೆ. ಅದರ ಮೇಲೆ ಧೂಳು ಕೂರುತ್ತದೆ. ನಾನಂತೂ ಇಡಲ್ಲ.

ಹನಿಹನಿ:
ನಡುವೆ ಬಾಯಿ ಹಾಕುತ್ತಿದ್ದೇನೆ. ಬೆಡ್‌ರೂಮ್‌ನಲ್ಲಿ ಮಂಚದ ಪಕ್ಕದ ಟೇಬಲ್ ಮೇಲೆ ರಾತ್ರಿಯಿಡೀ ಇಡುತ್ತೇನೆ, ಬೆಳಿಗ್ಗೆ ತಲೆ ಭಾರ. ಬೆಕ್ಕೂ ಅಲ್ಲೇ ಮಲಗುತ್ತದೆ.

ಗಾಳಿಮಾತು:
ತಲೆದಿಂಬಿನ ಪಕ್ಕ ಬೇಡ. ಕೋಣೆಯ ಆ ತುದಿಗೆ ಒಯ್ಯಿರಿ, ಮಲಗುವ ಮೊದಲು ಅರ್ಧ ಗಂಟೆ ಹಾಕಿ ಆರಿಸಿಬಿಡಿ. ಮುಚ್ಚಿದ ಕೋಣೆಯಲ್ಲಿ ರಾತ್ರಿಯಿಡೀ ಅದನ್ನೇ ಉಸಿರಾಡಿದರೆ ತಲೆನೋವು ಬರುವುದು ಆಶ್ಚರ್ಯವಲ್ಲ. ಆಸ್ತಮಾ ಇರುವವರು, ಪುಟ್ಟ ಮಕ್ಕಳು ಮಲಗುವ ಕೋಣೆಯಲ್ಲಿ ಹಾಕಲೇಬೇಡಿ.

ಬೆಕ್ಕಿನ ವಿಷಯ ತಮಾಷೆಯಲ್ಲ. ಈ ಎಣ್ಣೆಗಳಲ್ಲಿರುವ ಕೆಲವು ಅಂಶಗಳನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತುಂಬ ಕಡಿಮೆ. ಮಂಜು ಮೈಮೇಲೆ ಕೂರುತ್ತದೆ, ಬೆಕ್ಕು ಮೈ ನೆಕ್ಕುತ್ತದೆ, ಹಾಗೆ ಹೊಟ್ಟೆಗೂ ಹೋಗುತ್ತದೆ. ಟೀ ಟ್ರೀ, ಲವಂಗ, ಪುದೀನ, ನೀಲಗಿರಿ ಎಲ್ಲವೂ ಅಪಾಯ. ಬೆಕ್ಕು ಮಲಗುವ ಕೋಣೆಯಲ್ಲಿ ಡಿಫ್ಯೂಸರ್ ಬೇಡ. ಜೊಲ್ಲು ಸುರಿಸಿದರೆ, ತೂರಾಡಿದರೆ ತಡಮಾಡದೆ ಪಶುವೈದ್ಯರ ಹತ್ತಿರ ಹೋಗಿ. ಪಂಜರದ ಪಕ್ಷಿ ಇರುವ ಮನೆಯಲ್ಲಂತೂ ಇದರ ಸಹವಾಸವೇ ಬೇಡ.

ಬಿಸಿಲುಮಚ್ಚು:
ಟಿಶ್ಯೂ ಹಿಡಿದು ಓಡಾಡಿದ್ದಕ್ಕೆ ಮನೆಯವರೆಲ್ಲ ನಕ್ಕರು. ಆದರೆ ಜಾಗ ಸಿಕ್ಕಿತು. ಹಾಲ್‌ಗೆ ಪ್ಯಾಸೇಜ್ ಸೇರುವ ಕಡೆ ಎತ್ತರದ ಸ್ಟೂಲ್ ಮೇಲಿಟ್ಟೆ. ಬಿಲ್ಲೆ ಒರೆಸಿ, ಡಿಸ್ಟಿಲ್ಡ್ ನೀರಿಗೆ 8 ಹನಿ. ಸ್ಟೂಲ್ ಒದ್ದೆಯಾಗಲಿಲ್ಲ, ಸೋಫಾಗೆ ಘಮ ಬಂತು. ಆದರೆ ಸ್ವಲ್ಪ ಹೊತ್ತಿಗೆ ಮತ್ತೆ ಮಾಯ. ಇನ್ನೊಂದೆರಡು ಹನಿ ಹಾಕಲಾ?

ಗಾಳಿಮಾತು:
ಬೇಡ. ಘಮ ಅಲ್ಲೇ ಇದೆ, ನಿಮ್ಮ ಮೂಗು ಒಗ್ಗಿಹೋಗಿದೆ. ಹೊರಗೆ ಒಂದು ಸುತ್ತು ಹಾಕಿ ಬಂದು ನೋಡಿ, ಇಲ್ಲ ಹೊರಗಿನಿಂದ ಬಂದವರನ್ನು ಕೇಳಿ. ಟೈಮರ್ ಇದ್ದರೆ ಅರ್ಧ ಗಂಟೆ ಆನ್, ಅರ್ಧ ಗಂಟೆ ಆಫ್ ಇಡಿ. ನಿಂಬೆ, ಕಿತ್ತಳೆಯಂಥವು ಬೇಗ ಹಾರಿಹೋಗುತ್ತವೆ, ಲಾವಂಚ, ಗಂಧ ನಿಧಾನ. ಅದಕ್ಕೆ ತಕ್ಕ ಹಾಗೆ ಆರಿಸಿಕೊಳ್ಳಿ.

ಬಿಸಿಲುಮಚ್ಚು:
ಸರಿ. ಶೆಲ್ಫ್ ಮೇಲಿನ ಬಿಳಿ ಉಂಗುರಕ್ಕೆ ಏನಾದರೂ ಮಾಡಬಹುದಾ?

ಹನಿಹನಿ:
ಅದಕ್ಕೆ ನಾನು ಹೇಳುತ್ತೇನೆ. ಬೆರಳಿಟ್ಟು ನೋಡಿ. ನುಣುಪಾಗಿದ್ದು ಬಣ್ಣ ಮಾತ್ರ ಮಂಕಾಗಿದ್ದರೆ ಪಾಲಿಶ್ ಒಳಗೆ ತೇವ ಸೇರಿದೆ. ಹೇರ್ ಡ್ರೈಯರ್ ಕಡಿಮೆ ಬಿಸಿಯಲ್ಲಿಟ್ಟು, ಒಂದೇ ಕಡೆ ನಿಲ್ಲಿಸದೆ ಆಡಿಸಿ. ಎಷ್ಟೋ ಸಲ ಹೋಗುತ್ತದೆ. ಅಂಟಂಟಾಗಿದ್ದರೆ ಎಣ್ಣೆ ಪಾಲಿಶ್ಶನ್ನೇ ಮೆತ್ತಗೆ ಮಾಡಿದೆ. ಅದಕ್ಕೆ ಬಿಸಿಗಾಳಿ ಹಿಡಿಯಬೇಡಿ, ಮರಳು ಕಾಗದದಲ್ಲಿ ಉಜ್ಜಿ ಹೊಸದಾಗಿ ಪಾಲಿಶ್ ಹಾಕಿಸಬೇಕು.