ಹಳೆ ಕಾರಿಗೆ ಡ್ರೈವಿಂಗ್ ಗ್ಲೌಸ್: ಬೆವರುವ ಕೈಗೆ ಯಾವುದು ಸರಿ?

ಮೈನರ್ ಮೋಹಿ:

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 1959ರ ಮಾರಿಸ್ ಮೈನರ್ 1000 ಇದೆ. ಅಪ್ಪನ ಕಾರು. ಅವರು ಹೋದ ಮೇಲೆ ಮೂರು ವರ್ಷ ಮುಸುಕು ಹೊದ್ದು ನಿಂತಿತ್ತು. ಹೋದ ವರ್ಷ ಬ್ರೇಕು, ಕಾರ್ಬುರೇಟರು, ವೈರಿಂಗ್ ಎಲ್ಲ ಸರಿ ಮಾಡಿಸಿ ರಸ್ತೆಗೆ ಇಳಿಸಿದೆ. 948 ಸಿಸಿ ಇಂಜಿನ್ ಈಗ ಹೊಲಿಗೆ ಮಿಷಿನ್ ತರಹ ಓಡುತ್ತದೆ. ಅದರ ಸದ್ದು ಕೇಳಿದರೆ ಅಪ್ಪ ಪಕ್ಕದಲ್ಲೇ ಕೂತ ಹಾಗೆ ಅನಿಸುತ್ತದೆ.

ತೊಂದರೆ ಇರುವುದು ನನ್ನ ಕೈಯಲ್ಲಿ. ಅಂಗೈ ತುಂಬ ಬೆವರುತ್ತದೆ. ಚಿಕ್ಕಂದಿನಿಂದಲೂ ಹಾಗೇ. ಪರೀಕ್ಷೆ ಬರೆಯುವಾಗ ಕೈ ಕೆಳಗೆ ಕರವಸ್ತ್ರ ಇಟ್ಟುಕೊಳ್ಳುತ್ತಿದ್ದೆ. ಈಗಿನ ಕಾರುಗಳ ದಪ್ಪ, ಮೆತ್ತನೆ ಸ್ಟಿಯರಿಂಗಿನಲ್ಲಿ ಇದು ಗೊತ್ತೇ ಆಗುವುದಿಲ್ಲ. ಮೈನರಿನದು ತೆಳ್ಳಗೆ, ಗಟ್ಟಿ, ಗಾಜಿನಂತೆ ನುಣುಪು. ಹೋದ ವಾರ ಒಂದು ತಿರುವಿನಲ್ಲಿ ಚಕ್ರ ತಾನಾಗಿ ವಾಪಸ್ ಬರಲಿ ಅಂತ ಕೈ ಸಡಿಲ ಬಿಟ್ಟೆ. ಮತ್ತೆ ಹಿಡಿಯಲು ಹೋದರೆ ಜಾರಿತು. ಕಾರು ಒಂದು ಗೇಣು ರಸ್ತೆಯ ಅಂಚಿಗೆ ಸರಿದು ಹೋಯಿತು. ಏನೂ ಆಗಲಿಲ್ಲ, ಎದುರಿಗೆ ಯಾರೂ ಇರಲಿಲ್ಲ. ಆದರೆ ಮನೆಗೆ ಬಂದು ಇಂಜಿನ್ ನಿಲ್ಲಿಸಿದ ಮೇಲೂ ಎದೆ ಹೊಡೆದುಕೊಳ್ಳುತ್ತಲೇ ಇತ್ತು.

ಮನೆಯಲ್ಲಿದ್ದ ಉಲ್ಲನ್ ಗ್ಲೌಸ್ ಹಾಕಿ ನೋಡಿದೆ. ಇನ್ನೂ ಜಾಸ್ತಿ ಜಾರಿತು. ಸ್ಟಿಯರಿಂಗಿಗೆ ಕವರ್ ಹಾಕಲು ಮನಸ್ಸಿಲ್ಲ. ಅಪ್ಪ ಹಿಡಿದ ಚಕ್ರ ಅದು, ಮುಚ್ಚಬಾರದು ಅನಿಸುತ್ತದೆ. ತೊಗಲಿನ ಡ್ರೈವಿಂಗ್ ಗ್ಲೌಸ್ ತರಬೇಕು ಅಂದರೆ ಗೆಳೆಯರು "ಅದೆಲ್ಲ ಫೋಟೋಗೆ ಮಾತ್ರ, ಸುಮ್ನೆ ಶೋಕಿ" ಅನ್ನುತ್ತಾರೆ. ನಿಜವಾಗಿ ಉಪಯೋಗ ಇದೆಯಾ? ಇದ್ದರೆ ಯಾವ ತೊಗಲು? ಪೂರ್ತಿ ಬೆರಳಿನದಾ, ಅರ್ಧ ಬೆರಳಿನದಾ? ನನ್ನ ಕಾರಿನಲ್ಲಿ ಚೋಕ್ (ತಣ್ಣಗಿನ ಇಂಜಿನ್ ಹತ್ತಿಸಲು ಬೇಕಾದದ್ದು), ಸ್ಟಾರ್ಟರ್ ಎರಡೂ ಎಳೆಯುವ ಗುಂಡಿ. ಅವೂ ಕೈಗೆ ಸಿಗಬೇಕು. ಬಳಸಿದವರು ದಯವಿಟ್ಟು ಹೇಳಿ.

ಮಾಡೆಲ್ ಎ ಸವಾರ:

ನಾನು 1930ರ ಫೋರ್ಡ್ ಮಾಡೆಲ್ ಎ ಓಡಿಸುತ್ತೇನೆ. ಹದಿನಾಲ್ಕು ವರ್ಷ ಆಯಿತು. ಗ್ಲೌಸ್ ಇಲ್ಲದೆ ದೂರದ ದಾರಿಗೆ ಹೊರಡುವುದಿಲ್ಲ. ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಗ್ಲೌಸ್ ಹುಟ್ಟಿದ್ದು ಶೋಕಿಗಲ್ಲ. ಮೊದಮೊದಲ ಕಾರುಗಳಿಗೆ ಮೇಲೆ ಸೂರಿಲ್ಲ, ಎದುರಿಗೆ ಗಾಜಿಲ್ಲ. ಚಳಿ, ಧೂಳು, ಮಳೆ ಎಲ್ಲ ನೇರ ಕೈಮೇಲೆ. ಎಣ್ಣೆ ಹಾಕುವ ಕೆಲಸ, ಟೈರಿನ ಕೆಲಸ, ಇಂಜಿನ್ ಸ್ಟಾರ್ಟ್ ಮಾಡಲು ಮುಂದೆ ನಿಂತು ಹ್ಯಾಂಡಲ್ ತಿರುಗಿಸುವ ಕೆಲಸವೂ ಓಡಿಸುವವನದೇ. ಡ್ಯಾಶ್‌ಬೋರ್ಡಿನ ಗೂಡಿಗೆ ಇವತ್ತಿಗೂ ಗ್ಲೋವ್ ಬಾಕ್ಸ್ ಅಂತಲೇ ಹೆಸರು, ಅಲ್ವಾ? ಉಲ್ಲನ್ ಜಾರುತ್ತದೆ ಅಂತ ನೀವು ಕಂಡುಕೊಂಡಿದ್ದೂ ಹೊಸದಲ್ಲ. ಬ್ರಿಟನ್ನಿನ ಮೊದಮೊದಲ ರೇಸ್ ಚಾಲಕಿಯರಲ್ಲಿ ಒಬ್ಬರಾದ ಡೊರೊಥಿ ಲೆವಿಟ್ 1909ರಲ್ಲೇ ಹೆಂಗಸರಿಗೆ ಕಾರು ಓಡಿಸುವ ಬಗ್ಗೆ ಬರೆಯುತ್ತಾ ಇದನ್ನೇ ಹೇಳಿದ್ದರು. ನುಣುಪು ಚಕ್ರದ ಮೇಲೆ ಉಲ್ಲನ್ ನಿಲ್ಲುವುದಿಲ್ಲ, ಮೆತ್ತನೆ ತೊಗಲಿನದೇ ಹಾಕಿ ಅಂತ.

ಆದರೆ ಗ್ಲೌಸ್ ಕೊಳ್ಳುವ ಮೊದಲು ಒಂದು ಕೆಲಸ ಮಾಡಿ. ಸ್ಟಿಯರಿಂಗ್ ತೊಳೆಯಿರಿ. ರಿಪೇರಿ ಮಾಡಿಸಿದಾಗ ಯಾರಾದರೂ ಡ್ಯಾಶ್‌ಬೋರ್ಡ್ ಪಾಲಿಶ್ ಒರೆಸಿದ್ದಾರಾ ನೋಡಿ. "ಗಾಜಿನಂತೆ ನುಣುಪು" ಅಂದಿರಲ್ಲ, ಅದನ್ನು ಓದಿದಾಗಲೇ ನನಗೆ ಅನುಮಾನ ಬಂತು. ಹೊಳಪು ಬರಲಿ ಅಂತ ಹಚ್ಚುವ ಸಿಲಿಕೋನ್ ಪಾಲಿಶ್ ಚಕ್ರಕ್ಕೆ ತಾಗಲೇಬಾರದು. ಉಗುರುಬೆಚ್ಚಗಿನ ನೀರು, ಒಂದೆರಡು ತೊಟ್ಟು ಪಾತ್ರೆ ತೊಳೆಯುವ ಸೋಪು, ಹಿಂಡಿದ ಬಟ್ಟೆ, ಇಷ್ಟೇ ಸಾಕು. ಹಿಂಬದಿ ಮರೆಯಬೇಡಿ. ಬೆರಳು ನಿಲ್ಲುವುದೇ ಅಲ್ಲಿ, ಕೊಳೆ ಕೂರುವುದೂ ಅಲ್ಲೇ. ಪೆಟ್ರೋಲ್, ಥಿನ್ನರ್ ಮಾತ್ರ ಹಾಕಬೇಡಿ, ಹಳೆ ಪ್ಲಾಸ್ಟಿಕ್ ಹಾಳಾಗುತ್ತದೆ.

ಈ ಪಾಠ ನಾನು ಕಲಿತದ್ದು ಗ್ಲೌಸಿನಿಂದಲೇ. ನಾಲ್ಕನೇ ವರ್ಷವೋ ಐದನೇ ವರ್ಷವೋ, ನನ್ನ ಜೋಡಿ ಗಟ್ಟಿಯಾಗಿತ್ತು. ರಾತ್ರಿ ಕೂತು ತೊಗಲಿನ ಎಣ್ಣೆಯನ್ನು ಧಾರಾಳವಾಗಿ ಹಚ್ಚಿ ತಿಕ್ಕಿದೆ. ಬೆಳಿಗ್ಗೆ ಬೆಣ್ಣೆಯಂತೆ ಮೆತ್ತಗಾಗಿತ್ತು, ಖುಷಿಯಾಯಿತು. ಇಳಿಜಾರಿನಲ್ಲಿ ಎಡಕ್ಕೆ ತಿರುಗಿಸುವಾಗ ಎರಡೂ ಕೈ ಒಟ್ಟಿಗೆ ಜಾರಿದವು. ಚಕ್ರ ಇದ್ದಲ್ಲೇ ಇತ್ತು, ನನ್ನ ಕೈ ಮಾತ್ರ ಸುತ್ತು ಹೊಡೆದು ಬಂತು. ಮಣ್ಣಿನ ದಿಬ್ಬಕ್ಕೆ ಬಂಪರ್ ಒರೆಸಿ ನಿಂತೆ. ಪಕ್ಕದಲ್ಲಿ ನನ್ನ ಮಗಳು ಇದ್ದಳು. ಅವತ್ತಿನಿಂದ ಅಂಗೈ ಬದಿಗೆ ಎಣ್ಣೆ ಮುಟ್ಟಿಸುವುದಿಲ್ಲ. ಬೆನ್ನ ಕಡೆ ಬೇಕಾದರೆ ತೆಳ್ಳಗೆ ಒರೆಸುತ್ತೇನೆ, ಎರಡು ದಿನ ಬಿಟ್ಟು ಹಾಕಿಕೊಳ್ಳುತ್ತೇನೆ.

ಇನ್ನು ಹಿಡಿಯುವ ಬಗೆ. ಗ್ಲೌಸ್ ಸರಿ ಇದ್ದರೆ ಬಿಗಿಯಾಗಿ ಹಿಡಿಯುವ ಅಗತ್ಯವೇ ಇಲ್ಲ. ನನಗೆ ಅದರ ದೊಡ್ಡ ಲಾಭ ಅಂದರೆ ಇದೇ. ಬರಿಗೈಯಲ್ಲಿ ಜಾರೀತು ಅನ್ನುವ ಭಯಕ್ಕೆ ನಾವು ಹಿಂಡಿ ಹಿಡಿಯುತ್ತೇವೆ. ಹಿಂಡಿದಷ್ಟೂ ಬೆವರು, ಬೆವರಿದಷ್ಟೂ ಜಾರು. ಅರ್ಧ ಗಂಟೆಯಲ್ಲಿ ಮುಂಗೈ ನೋಯುತ್ತದೆ. ತೊಗಲು ಚಕ್ರವನ್ನು ತಾನೇ ಹಿಡಿದುಕೊಂಡಾಗ ಬೆರಳು ಸುಮ್ಮನೆ ಮೇಲಿದ್ದರೆ ಸಾಕು. ರಸ್ತೆ ಏನು ಹೇಳುತ್ತದೆ ಅನ್ನುವುದು ಆಗ ಕೈಗೆ ತಿಳಿಯುತ್ತದೆ. ಹೆಬ್ಬೆರಳನ್ನು ಸ್ಟಿಯರಿಂಗಿನ ಕಡ್ಡಿಗಳ ನಡುವೆ ಸಿಕ್ಕಿಸಬೇಡಿ, ರಿಮ್ಮಿನ (ಹೊರಗಿನ ಬಳೆಯ) ಮೇಲೇ ಮಲಗಿಸಿ. ಪವರ್ ಸ್ಟಿಯರಿಂಗ್ ಮಾರಾಟದ ಕಾರಿಗೆ ಬಂದಿದ್ದೇ 1951ರಲ್ಲಿ, ಕ್ರೈಸ್ಲರ್ ಇಂಪೀರಿಯಲ್‌ಗೆ. ನಮ್ಮ ಕಾರುಗಳಲ್ಲಿ ಅದು ಇಲ್ಲ, ಮುಂದಿನ ಗಾಲಿ ಕಲ್ಲಿಗೆ ಬಡಿದರೆ ಆ ಏಟು ನೇರ ಕೈಗೆ ಬರುತ್ತದೆ. ಹೆಬ್ಬೆರಳು ಸಿಕ್ಕಿಕೊಂಡಿದ್ದರೆ ಮುರಿದೇ ಹೋದೀತು, ಅದನ್ನು ಗ್ಲೌಸ್ ತಡೆಯುವುದಿಲ್ಲ.

ಗುಂಡಿಗಳ ಚಿಂತೆ ಬೇಡ. ನನ್ನ ಕಾರಿನಲ್ಲಿ ಸ್ಟಿಯರಿಂಗಿನ ಕೆಳಗೆ ಎರಡು ಸನ್ನೆಗಳಿವೆ, ಅಂದರೆ ಲಿವರ್. ಎಡಗಡೆ ಸ್ಪಾರ್ಕ್, ಇಂಜಿನ್ನಿನಲ್ಲಿ ಕಿಡಿ ಹಾರುವ ಹೊತ್ತು ಹೊಂದಿಸಲು; ಬಲಗಡೆ ಥ್ರಾಟಲ್, ವೇಗ ಏರಿಸಿ ಇಳಿಸಲು. ಹಲ್ಲುಹಲ್ಲಾಗಿ ಸರಿಯುವಾಗ ಆಗುವ ಸಣ್ಣ ಟಿಕ್ ಟಿಕ್ ಕೂಡ ತೆಳು ತೊಗಲಿನೊಳಗೆ ಬೆರಳಿಗೆ ತಿಳಿಯುತ್ತದೆ.

ತೊಗಲು ದಾರ:

ಮೇಲಿನವರು ಓಡಿಸುವ ಮಾತು ಹೇಳಿದ್ದಾರೆ. ನಾನು ಹೊಲಿಯುವ ಮಾತು ಹೇಳುತ್ತೇನೆ. ಕೈಯಿಂದ ಗ್ಲೌಸ್ ಹೊಲಿಯುವುದು ನನ್ನ ಕಸುಬು.

ನಿಮ್ಮ ಕೈಗೆ ಆಡಿನ ತೊಗಲು. ಕಣ್ಣು ಮುಚ್ಚಿ ಹೇಳುತ್ತೇನೆ. ಹತ್ತಿರದಿಂದ ನೋಡಿದರೆ ಅದರ ಮೇಲೆ ಸಣ್ಣ ಸಣ್ಣ ಉಬ್ಬು ಇರುತ್ತದೆ, ರವೆ ಚೆಲ್ಲಿದ ಹಾಗೆ. ಅದು ಚಕ್ರಕ್ಕೆ ಕಚ್ಚಿಕೊಳ್ಳುತ್ತದೆ. ತೆಳ್ಳಗಿದ್ದರೂ ಗಟ್ಟಿ. ಕುರಿಮರಿ ತೊಗಲು ಕೈಗೆ ಬಲು ಹಿತ, ಆದರೆ ಬೇಗ ಸವೆಯುತ್ತದೆ. ಜಿಂಕೆ ತೊಗಲು ಒದ್ದೆಯಾಗಿ ಒಣಗಿದರೂ ಮೆತ್ತಗೇ ಇರುತ್ತದೆ, ಒಳ್ಳೆಯದೇ, ಆದರೆ ಹಿಗ್ಗುತ್ತಾ ಹೋಗುತ್ತದೆ. ಆರು ತಿಂಗಳಲ್ಲಿ ಸಡಿಲ ಆದರೆ ಒಳಗೆ ಕೈ ಜಾರುತ್ತದೆ. ಚಕ್ರದ ಮೇಲೆ ಗ್ಲೌಸ್ ಜಾರುವುದಕ್ಕಿಂತ ಗ್ಲೌಸಿನೊಳಗೆ ಕೈ ಜಾರುವುದು ಕೆಟ್ಟದ್ದು. ಒಳಗೆ ಅಸ್ತರಿ (ಒಳಪದರದ ಬಟ್ಟೆ) ಇರುವುದನ್ನು ನೀವು ತೆಗೆದುಕೊಳ್ಳಬೇಡಿ ಅನ್ನುವುದೂ ಅದಕ್ಕೇ.

ಅಳತೆ ತೆಗೆಯಲು ಟೇಪನ್ನು ಅಂಗೈ ಸುತ್ತ, ಗೆಣ್ಣುಗಳ ಮೇಲೆ ಹಾಯಿಸಿ. ಹೆಬ್ಬೆರಳು ಹೊರಗಿರಲಿ. ಎಷ್ಟು ಇಂಚು ಬಂತೋ ಸಾಮಾನ್ಯವಾಗಿ ಅದೇ ನಂಬರ್, 8 ಇಂಚು ಬಂದರೆ 8. ಎರಡು ನಂಬರಿನ ನಡುವೆ ಬಂದರೆ ಚಿಕ್ಕದನ್ನೇ ಆರಿಸಿ. ಹೊಸದರಲ್ಲಿ ಬೆರಳು ಒಂದೊಂದಾಗಿ ತಳ್ಳಿ ಹಾಕಿಕೊಳ್ಳುವಷ್ಟು ಬಿಗಿ ಇರಬೇಕು. ಅಗಲಕ್ಕೆ ತೊಗಲು ಬಿಟ್ಟುಕೊಡುತ್ತದೆ, ಉದ್ದಕ್ಕೆ ಅಷ್ಟು ಬಿಟ್ಟುಕೊಡುವುದಿಲ್ಲ. ಆದ್ದರಿಂದ ಬೆರಳಿನ ತುದಿ ಒತ್ತುತ್ತಿದ್ದರೆ ಮಾತ್ರ ಆ ಜೋಡಿ ಬಿಡಿ, ಅದು ಎಂದೂ ಸರಿಯಾಗುವುದಿಲ್ಲ.

ಹಾಕಿಕೊಂಡು ಮುಷ್ಟಿ ಕಟ್ಟಿ. ಹೆಬ್ಬೆರಳಿನ ಸಂದಿನಲ್ಲಿ ಎಳೆದರೆ ಕತ್ತರಿಸಿದ್ದು ಸರಿಯಿಲ್ಲ ಅಂತ ಅರ್ಥ. ಗೆಣ್ಣುಗಳ ಮೇಲಿನ ತೂತು ಅಂದಕ್ಕಲ್ಲ. ಕೈ ಮಡಚಿದಾಗ ಗೆಣ್ಣಿನ ಮೇಲೆ ತೊಗಲು ಬಿಗಿಯುತ್ತದೆ, ಆ ಬಿಗಿತ ಬಿಡಿಸಲು ಅಲ್ಲಿ ತೆರೆದಿರುತ್ತೇವೆ. ಗಾಳಿಯೂ ಆಡುತ್ತದೆ. ನಿಮಗಂತೂ ಬೆನ್ನ ಕಡೆ ಹತ್ತಿಯ ಹೆಣಿಗೆ ಇರುವುದು ಇನ್ನೂ ಒಳ್ಳೆಯದು. ಅಂಗೈಗೆ ತೊಗಲು, ಬೆನ್ನಿಗೆ ಜಾಲರಿ. ಬೆರಳಿನ ಹೊಲಿಗೆ ಹೊರಮುಖವಾಗಿರಲಿ. ಒಳಮುಖ ಇದ್ದರೆ ಒಂದು ಗಂಟೆಯಲ್ಲಿ ಬೆರಳ ತುದಿಗೆ ಗೆರೆ ಮೂಡುತ್ತದೆ, ಹೊಸ ಚಪ್ಪಲಿ ಕಚ್ಚಿದ ಹಾಗೆ.

ಅರ್ಧ ಬೆರಳಿನದು ಗುಂಡಿ, ಕೀಲಿ ಹಿಡಿಯಲು ಸುಲಭ. ಆದರೆ ನೀವು ಬೆವರುವವರು. ರಿಮ್ಮಿನ ಹಿಂಬದಿಗೆ ತಾಗುವುದು ಬೆರಳ ತುದಿಯೇ, ಅದೇ ಬರಿದಾಗಿದ್ದರೆ ಅರ್ಧ ಲಾಭ ಹೋಯಿತು. ಪೂರ್ತಿ ಬೆರಳಿನದೇ ಹಾಕಿ.

ಬಣ್ಣದ ಬಗ್ಗೆ ಒಂದು ಮಾತು. ಬಿಳಿ ಬಟ್ಟೆ ಒದ್ದೆ ಮಾಡಿ ಗ್ಲೌಸಿನ ಅಂಗೈ ಮೇಲೆ ಗಟ್ಟಿಯಾಗಿ ತಿಕ್ಕಿ ನೋಡಿ. ಬಟ್ಟೆಗೆ ಬಣ್ಣ ಹತ್ತಿದರೆ ಬೆವರಿದಾಗ ಅದು ನಿಮ್ಮ ಕೈಗೂ ಹತ್ತುತ್ತದೆ, ಚಕ್ರಕ್ಕೂ ಹತ್ತುತ್ತದೆ. ದಂತದ ಬಣ್ಣದ ಹಳೆ ಸ್ಟಿಯರಿಂಗಿಗೆ ಕಪ್ಪು ಇಳಿದರೆ ತೆಗೆಯುವುದು ಬಲು ಕಷ್ಟ.

ಬರಿಗೈ:

ನಾನು ಹಳೆ ಸ್ಟಿಯರಿಂಗ್ ಚಕ್ರಗಳನ್ನು ರಿಪೇರಿ ಮಾಡುತ್ತೇನೆ. ಹೆಸರೇ ಹೇಳುವ ಹಾಗೆ ಗ್ಲೌಸ್ ಹಾಕುವುದಿಲ್ಲ. ನನ್ನ ಕೈ ಒಣಕಲು, ಬೇಕಾಗಿಲ್ಲ. ಆದರೆ ನನ್ನ ಬೆಂಚಿಗೆ ಬರುವ ಮರದ ಚಕ್ರಗಳನ್ನು ನೋಡಿದರೆ ಹಾಕುವವರ ಕಡೆಗೇ ಮನಸ್ಸು ವಾಲುತ್ತದೆ. ವಾರ್ನಿಶ್ ಯಾವಾಗಲೂ ಎರಡೇ ಕಡೆ ಸತ್ತಿರುತ್ತದೆ, ಗಡಿಯಾರದ ಹತ್ತು ಮತ್ತು ಎರಡರ ಜಾಗದಲ್ಲಿ. ಬೆವರು, ಉಂಗುರದ ಗೀರು. ಒಮ್ಮೆ ವಾರ್ನಿಶ್ ಒಡೆದರೆ ಒಳಗಿನ ಮರ ನೀರು ಕುಡಿಯುತ್ತದೆ, ಅಂಟಿಸಿದ ಸಂದು ಬಿಡುತ್ತದೆ.

ಮೈನರ್ ಅವರೇ, ನಿಮ್ಮ ಚಕ್ರದಲ್ಲಿ ಕೂದಲೆಳೆ ಬಿರುಕು ಇದೆಯಾ? ಕಡ್ಡಿ ಬಂದು ರಿಮ್ಮಿಗೆ ಸೇರುವ ಜಾಗದಲ್ಲಿ ಉಗುರು ಎಳೆದು ನೋಡಿ. ಉಗುರು ಸಿಕ್ಕಿಕೊಂಡರೆ ಅಲ್ಲಿ ಅಂಗೈ ಚರ್ಮವೂ ಚಿವುಟಿಸಿಕೊಳ್ಳುತ್ತದೆ, ಗ್ಲೌಸಿನ ತೊಗಲೂ ಬೇಗ ಹರಿಯುತ್ತದೆ. ಎಪಾಕ್ಸಿ (ಒಣಗಿ ಗಟ್ಟಿಯಾಗುವ ಅಂಟು) ತುಂಬಿ ತಿಕ್ಕಿದರೆ ಸರಿಹೋಗುತ್ತದೆ. ಒಳಗಿನ ಉಕ್ಕಿನ ಬಳೆ ತುಕ್ಕು ಹಿಡಿಯುವ ಮೊದಲೇ ಮಾಡಿಸಿ.

ಇನ್ನೊಂದು ವಿಷಯ ಯಾರೂ ಹೇಳಲಿಲ್ಲ. ಬಾನೆಟ್ ಎತ್ತುವ ಮೊದಲು ಗ್ಲೌಸ್ ಬಿಚ್ಚಿ. ಇಂಜಿನ್ ಓಡುತ್ತಿರುವಾಗ ಫ್ಯಾನ್ ಬೆಲ್ಟಿನ ಹತ್ತಿರ ಗ್ಲೌಸ್ ಹಾಕಿದ ಕೈ ಹೋಗಲೇಬಾರದು. ಬೆಲ್ಟ್ ತೊಗಲನ್ನು ಹಿಡಿದರೆ ಕೈಯನ್ನೂ ಎಳೆದುಕೊಳ್ಳುತ್ತದೆ.

ಮಾಡೆಲ್ ಎ ಸವಾರ:

ಬರಿಗೈ ಅವರ ಕೊನೆಯ ಮಾತಿಗೆ ನನ್ನದೂ ಒಂದು ಸೇರಿಸುತ್ತೇನೆ. ಹ್ಯಾಂಡಲ್ ಹೊಡೆಯುವಾಗಲೂ ಗ್ಲೌಸನ್ನು ನಂಬಬೇಡಿ. ಸ್ಪಾರ್ಕ್ ಸನ್ನೆಯನ್ನು ಪೂರ್ತಿ ಮೇಲೆ ಸರಿಸದೆ ನಾನೊಮ್ಮೆ ಹ್ಯಾಂಡಲ್ ಎಳೆದೆ. ಇಂಜಿನ್ ಹಿಂದಕ್ಕೆ ಒದೆಯಿತು, ಮಣಿಕಟ್ಟು ಮೂರು ವಾರ ಊದಿಕೊಂಡಿತ್ತು. ಕೈಯಲ್ಲಿ ಒಳ್ಳೆಯ ಗ್ಲೌಸೇ ಇತ್ತು. ಹೆಬ್ಬೆರಳು ಉಳಿದ ಬೆರಳುಗಳ ಪಕ್ಕದಲ್ಲೇ ಇತ್ತು, ಹ್ಯಾಂಡಲನ್ನು ಸುತ್ತಿಕೊಂಡಿರಲಿಲ್ಲ, ಹಾಗಾಗಿ ಉಳಿಯಿತು. ಕೆಳಗಿನಿಂದ ಮೇಲಕ್ಕೆ ಎಳೆಯಿರಿ, ಮೇಲಿನಿಂದ ಒತ್ತಬೇಡಿ.

ಮೈನರ್ ಮೋಹಿ:

ಎಲ್ಲರಿಗೂ ತುಂಬಾ ಧನ್ಯವಾದ. ಎರಡು ವಾರ ಬಿಟ್ಟು ಬರೆಯುತ್ತಿದ್ದೇನೆ, ಮಾಡಿ ನೋಡಿಯೇ ಹೇಳೋಣ ಅಂತ.

ಮೊದಲು ಚಕ್ರ ತೊಳೆದೆ. ಮೊದಲ ಬಟ್ಟೆ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತು. ಎರಡನೆಯದೂ ಹಾಗೇ. ನಾಲ್ಕನೆಯದು ಬಿಳಿಯಾಗೇ ಉಳಿಯಿತು. ರಿಪೇರಿಯವರನ್ನು ಕೇಳಿದರೆ ಹೌದು, ಹೊಳೆಯಲಿ ಅಂತ ಪಾಲಿಶ್ ಒರೆಸಿದ್ದರಂತೆ. ಅದು ಹೋದ ಮೇಲೆ ಬರಿಗೈಯಲ್ಲೇ ಅರ್ಧಕ್ಕರ್ಧ ವಾಸಿ. ಹಿಂಬದಿಯಲ್ಲಿ ಬೆರಳು ನಿಲ್ಲಲು ಮಾಡಿರುವ ಸಣ್ಣ ಏರಿಳಿತ ಈಗ ಕೈಗೆ ತಾಗುತ್ತದೆ. ಇಷ್ಟು ದಿನ ಅದು ಕೊಳೆಯಲ್ಲಿ ಮುಚ್ಚಿ ಹೋಗಿತ್ತು. ಒಂದೆರಡು ಕಡೆ ಸವೆದು ಸಪಾಟಾಗಿದೆ, ಅದು ಅಪ್ಪನ ಕೈ ಇರುತ್ತಿದ್ದ ಜಾಗ. ಬಿರುಕು ಒಂದು ಇದೆ, ಉಗುರು ಸಿಕ್ಕುತ್ತದೆ. ಅದನ್ನು ತುಂಬಿಸುತ್ತೇನೆ, ಸವೆದ ಜಾಗ ಮುಟ್ಟಿಸುವುದಿಲ್ಲ.

ಆಮೇಲೆ ಗ್ಲೌಸ್ ತಂದೆ. ಆಡಿನ ತೊಗಲು, ಅಸ್ತರಿ ಇಲ್ಲ, ಬೆನ್ನಿಗೆ ಹತ್ತಿ ಹೆಣಿಗೆ, ಪೂರ್ತಿ ಬೆರಳು. ಅಳತೆ ಎಂಟೂಕಾಲು ಬಂತು, 8 ನಂಬರ್ ತೆಗೆದುಕೊಂಡೆ. ಮೊದಲ ದಿನ ಹಾಕಿಕೊಳ್ಳಲು ಐದು ನಿಮಿಷ ಹಿಡಿಯಿತು. ಈಗ ಹೊಂದಿಕೊಂಡಿದೆ. ಚೋಕ್ ಗುಂಡಿ ನೋಡದೆಯೇ ಸಿಗುತ್ತದೆ. ನಿನ್ನೆ ಅದೇ ತಿರುವಿಗೆ ಹೋದೆ. ಚಕ್ರ ತಾನಾಗಿ ವಾಪಸ್ ಬರುವಾಗ ತೊಗಲಿನ ಕೆಳಗೆ ನಿಧಾನಕ್ಕೆ ಸರಿಯಿತು, ಬೇಕಾದಲ್ಲಿ ಬೆರಳು ಒತ್ತಿದೆ, ನಿಂತಿತು.

ಒಂದೇ ಪ್ರಶ್ನೆ ಉಳಿದಿದೆ. ಒಂದೂವರೆ ಗಂಟೆ ಓಡಿಸಿದ ಮೇಲೆ ಅಂಗೈ ಒಳಗೆ ಒದ್ದೆಯಾಗಿರುತ್ತದೆ. ಬಿಸಿಲಿಗೆ ಹಾಕಲಾ?

ತೊಗಲು ದಾರ:

ಬಿಸಿಲು ಬೇಡ, ಹೀಟರ್ ಬೇಡ, ಹಲಗೆಯಂತೆ ಆಗಿಬಿಡುತ್ತದೆ. ಮುಚ್ಚಿದ ಗ್ಲೋವ್ ಬಾಕ್ಸಿನಲ್ಲೂ ಒದ್ದೆಯಾಗಿ ಇಡಬೇಡಿ. ಕೈಯಿಂದ ತೆಗೆದ ತಕ್ಷಣ ಬೆರಳು ಒಂದೊಂದಾಗಿ ಎಳೆದು ನೇರ ಮಾಡಿ, ಒಳಗೆ ಒಮ್ಮೆ ಊದಿ, ನೆರಳಲ್ಲಿ ಗಾಳಿಗೆ ನೇತು ಹಾಕಿ. ಬೆವರಿನ ಉಪ್ಪು ತೊಗಲನ್ನು ತಿನ್ನುತ್ತದೆ, ಆದ್ದರಿಂದ ತಿಂಗಳಿಗೊಮ್ಮೆ ಹಿಂಡಿದ ಒದ್ದೆ ಬಟ್ಟೆಯಲ್ಲಿ ಅಂಗೈ ಒರೆಸಿ. ಆಗುವುದಾದರೆ ಎರಡು ಜೋಡಿ ಇಟ್ಟುಕೊಳ್ಳಿ. ಒಂದು ಒಣಗುವಾಗ ಇನ್ನೊಂದು ಹಾಕಿಕೊಳ್ಳಬಹುದು.