ಸಹಾಯ ಬೇಕು: ಮನೆಯಲ್ಲಿ 5ಜಿ ಇದೆ, ದಾಳಿಂಬೆ ತೋಟಕ್ಕೆ ತಲುಪುತ್ತಿಲ್ಲ

ನಮಸ್ಕಾರ. ಹೊಸದುರ್ಗದ ಹತ್ತಿರ ನಾಲ್ಕು ಎಕರೆ ದಾಳಿಂಬೆ ಇದೆ, ಜೊತೆಗೆ ದುಂಡಾಣು ಅಂಗಮಾರಿಯ ಕಾಟ. ಎಲೆಯ ಮೇಲೆ ಎಣ್ಣೆ ತಾಗಿದಂಥ ಚುಕ್ಕೆ ಮೂಡಿದ ದಿನವೇ ಗೊತ್ತಾಗಲಿ ಎಂದು ಕ್ಯಾಮೆರಾ ಹಾಕಿಸಿದ್ದೇನೆ. ಚಿತ್ರ ನೋಡಿ ರೋಗ ಗುರುತಿಸುವ ಕೃತಕ ಬುದ್ಧಿಮತ್ತೆ ಮಾತ್ರ ದೂರದ ಸರ್ವರ್‌ನಲ್ಲಿದೆ. ಮಾಳಿಗೆಯ ಮೇಲೆ 5ಜಿ ಚೆನ್ನಾಗಿ ಸಿಗುತ್ತದೆ. ಒಂದು ಕಿಲೋಮೀಟರ್ ಆಚೆಯ ತೋಟದಲ್ಲಿ 4ಜಿಯೂ ಕುಂಟುತ್ತದೆ. ಬೆಳಗಿನ ಚಿತ್ರ ಸಂಜೆಗೆ ತಲುಪುತ್ತದೆ. ಸಿಮ್ ಬದಲಿಸಿದೆ, ರೂಟರನ್ನು ಪಂಪ್‌ಹೌಸ್ ಮೇಲೇರಿಸಿದೆ, ಪ್ರಯೋಜನವಾಗಲಿಲ್ಲ. ಲೋರಾ (ಕಡಿಮೆ ವಿದ್ಯುತ್ತಿನಲ್ಲಿ ಸಣ್ಣ ಮಾಹಿತಿಯನ್ನು ದೂರಕ್ಕೆ ಕಳಿಸುವ ರೇಡಿಯೊ) ಮಣ್ಣಿನ ತೇವದ ಅಂಕಿ ಕಳಿಸುತ್ತದೆ, ಚಿತ್ರ ಹೊರುವ ಶಕ್ತಿ ಅದಕ್ಕಿಲ್ಲ. (ಮಾರಿದವರು ಇದನ್ನು ಮೊದಲೇ ಹೇಳಬಹುದಿತ್ತು.)

ಈಗ ಮಾಳಿಗೆಯಿಂದ ತೋಟಕ್ಕೆ ಎದುರುಬದುರು ವೈಫೈ ಆಂಟೆನಾ ಹಾಕಲೇ, ಇಲ್ಲವೇ ತೋಟದಲ್ಲೇ ಚಿತ್ರ ಪರೀಕ್ಷಿಸುವ ಸಣ್ಣ ಕಂಪ್ಯೂಟರ್ ಇಟ್ಟು ಫಲಿತಾಂಶವನ್ನಷ್ಟೇ ಕಳಿಸಲೇ? ನಡುವೆ ತೆಂಗಿನ ಸಾಲಿದೆ. ಹಾಕಿಸಿ ನೋಡಿದವರು ಯಾವುದು ನಡೆಯುತ್ತದೆ ಎಂದು ತಿಳಿಸುತ್ತೀರಾ?