ಪ್ಲಾಸ್ಮಾ ನೈಟ್ರೈಡಿಂಗ್ ಆದ ಡೈಯಲ್ಲಿ ತೂತಿನ ಬಾಯಿ ಮಾತ್ರ ಮೆತ್ತಗಾಗಿದೆ, ಯಾಕೆ?

ಗದಗದವ, ಭೋಸರಿ:
ಎಲ್ಲರಿಗೂ ನಮಸ್ಕಾರ. ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಟೂಲ್‌ರೂಮ್ ಕೆಲಸ ನನ್ನದು. ಅಲ್ಯೂಮಿನಿಯಂ ಡೈಕಾಸ್ಟಿಂಗ್‌ನ ಒಂದು ಎಚ್13 ಸ್ಟೀಲಿನ ಡೈಯನ್ನು (ಅಚ್ಚನ್ನು) ಹೊರಗಡೆ ಪ್ಲಾಸ್ಮಾ ನೈಟ್ರೈಡಿಂಗ್‌ಗೆ, ಅಂದರೆ ನೈಟ್ರೋಜನ್ ಇಳಿಸಿ ಮೇಲ್ಮೈ ಗಟ್ಟಿ ಮಾಡುವ ಕೆಲಸಕ್ಕೆ, ಕೊಟ್ಟಿದ್ದೆವು. ಮುಖದ ಮೇಲೆ ಹಾರ್ಡ್‌ನೆಸ್ (ಗಡಸುತನ) ವಿಕರ್ಸ್ ಅಳತೆಯಲ್ಲಿ 1000 ಎಚ್‌ವಿ ದಾಟಿದೆ, ಅಲ್ಲಿ ತಕರಾರಿಲ್ಲ. ಆದರೆ ಎಜೆಕ್ಟರ್ ಪಿನ್ (ಎರಕದ ತುಂಡನ್ನು ಹೊರತಳ್ಳುವ ಪಿನ್) ತೂತುಗಳ ಬಾಯಿ ಕಪ್ಪಾಗಿದೆ, ಅಲ್ಲಿ ಹಾರ್ಡ್‌ನೆಸ್ ತುಂಬಾ ಇಳಿದಿದೆ. ಕೆಲಸ ಮಾಡಿಕೊಟ್ಟವರು ಸ್ಟೀಲೇ ಸರಿಯಿಲ್ಲ ಅನ್ನುತ್ತಾರೆ. ಒಂದೇ ಡೈಯಲ್ಲಿ ಹೀಗೆ ಹೇಗೆ ಆಗುತ್ತದೆ? ಗೊತ್ತಿದ್ದವರು ಹೇಳಿ.

ಕುಲುಮೆ ಅಣ್ಣ, ಚಾಕಣ್:
ತಮ್ಮಾ, ಮೊದಲು ಒಂದು ಕೆಲಸ ಮಾಡು. ಯಾವ ಅಳತೆಯ ತೂತು ಕೆಟ್ಟಿವೆ, ಯಾವುವು ಕೆಟ್ಟಿಲ್ಲ ಅಂತ ಬರೆದುಕೋ. ಒಂದೇ ಅಳತೆಯವು ಮಾತ್ರ ಕೆಟ್ಟಿದ್ದರೆ ತಪ್ಪು ಸ್ಟೀಲಿನದಲ್ಲ.

ಈ ಫರ್ನೇಸ್ ಒಳಗೆ ಏನಾಗುತ್ತದೆ ನೋಡು. ಗಾಳಿಯನ್ನೆಲ್ಲ ಹೊರಗೆಳೆದು, ನೈಟ್ರೋಜನ್ ಮತ್ತು ಹೈಡ್ರೋಜನ್ ಬಿಟ್ಟು, ಒತ್ತಡವನ್ನು ಕೆಲವೇ ಮಿಲಿಬಾರ್‌ಗೆ ಇಡುತ್ತೇವೆ. ಡೈ ಕ್ಯಾಥೋಡ್, ಫರ್ನೇಸ್ ಗೋಡೆ ಆನೋಡ್. ನಡುವೆ ಕೆಲವು ನೂರು ವೋಲ್ಟ್ ಡಿಸಿ ಕೊಟ್ಟರೆ ಡೈ ಸುತ್ತ ನೇರಳೆ ಬಣ್ಣದ ಬೆಳಕು ಹೊದಿಕೆಯ ಹಾಗೆ ಕೂರುತ್ತದೆ. ಇದೇ ಗ್ಲೋ ಡಿಸ್ಚಾರ್ಜ್. ಆ ವೋಲ್ಟೇಜಿನ ಬಹುಪಾಲು ಕ್ಯಾಥೋಡ್‌ಗೆ ಅಂಟಿದ ತೆಳುವಾದ ಕತ್ತಲೆ ಪದರದಲ್ಲೇ ಬೀಳುತ್ತದೆ. ಅಯಾನುಗಳು ಅಲ್ಲಿ ವೇಗ ಪಡೆದು ಡೈಗೆ ಬಡಿಯುತ್ತವೆ. ಮೇಲ್ಮೈ ಸ್ವಚ್ಛವಾಗುವುದೂ, ಬಿಸಿಯಾಗುವುದೂ, ನೈಟ್ರೋಜನ್ ಒಳಗೆ ಇಳಿಯುವುದೂ ಇದರಿಂದಲೇ.

ಸಮಸ್ಯೆ ಇರುವುದು ತೂತಿನಲ್ಲಿ. ತೂತು ದೊಡ್ಡದಿದ್ದರೆ ಗ್ಲೋ ಒಳಗೋಡೆಗೂ ಅಂಟಿಕೊಂಡು ಹೋಗುತ್ತದೆ. ತೀರಾ ಸಣ್ಣದಿದ್ದರೆ ಒಳಗೆ ಹೋಗುವುದೇ ಇಲ್ಲ. ನಡುವಿನ ಅಳತೆ ಇದ್ದರೆ ಎದುರುಬದುರು ಗೋಡೆಗಳ ಗ್ಲೋ ಒಂದರೊಳಗೊಂದು ಸೇರಿಬಿಡುತ್ತದೆ. ಆಗ ಎಲೆಕ್ಟ್ರಾನ್‌ಗಳು ಹೊರಬರಲಾರದೆ ಈ ಗೋಡೆಗೂ ಆ ಗೋಡೆಗೂ ಓಡಾಡುತ್ತಾ ಇನ್ನಷ್ಟು ಅಯಾನು ಹುಟ್ಟಿಸುತ್ತವೆ. ಕರೆಂಟ್ ಅಲ್ಲಿಗೇ ನುಗ್ಗುತ್ತದೆ. ಹಾಲೋ ಕ್ಯಾಥೋಡ್ ಅನ್ನುವುದು ಇದಕ್ಕೇ. ಡೈ ಪೂರ್ತಿ 520 ಡಿಗ್ರಿ ತೋರಿಸುತ್ತಿದ್ದರೂ ಆ ಬಾಯಿ ಮಾತ್ರ ಟೆಂಪರಿಂಗ್ ತಾಪಮಾನ ದಾಟಿರುತ್ತದೆ, ಅದನ್ನು ದಾಟಿದರೆ ಗಟ್ಟಿ ಸ್ಟೀಲ್ ಮೆತ್ತಗಾಗುತ್ತದೆ. ತಾಪಮಾನ ಅಳೆಯುವ ಥರ್ಮೋಕಪಲ್ ಬೇರೆ ಕಡೆ ಇದ್ದರೆ ಅದು ಗೊತ್ತೇ ಆಗುವುದಿಲ್ಲ.

ಅದಕ್ಕೇ ನಾನು ಹುಡುಗರಿಗೆ ಹೇಳುವುದು, ಮೀಟರ್ ಒಂದನ್ನೇ ನಂಬಬೇಡಿ, ನೋಡುವ ಕಿಟಕಿಯ ಹತ್ತಿರ ನಿಲ್ಲಿ ಅಂತ. ಯಾವುದಾದರೂ ತೂತು ಉಳಿದ ಭಾಗಕ್ಕಿಂತ ಜಾಸ್ತಿ ಬೆಳಗಿದರೆ ತಕ್ಷಣ ಪವರ್ ಇಳಿಸಬೇಕು, ಒತ್ತಡ ಬದಲಿಸಬೇಕು. ಒತ್ತಡ ಏರಿಸಿದರೆ ಗ್ಲೋ ತೆಳುವಾಗಿ ಎರಡು ಗೋಡೆಯದ್ದೂ ಬೇರೆಯಾಗುತ್ತದೆ. ಪಲ್ಸ್ ಡಿಸಿ (ಬಿಟ್ಟು ಬಿಟ್ಟು ಕೊಡುವ ಕರೆಂಟ್) ಇದ್ದರೆ ಹಿಡಿತ ಇನ್ನೂ ಸುಲಭ.

ಡೊಂಬಿವಲಿ ಮೇಷ್ಟ್ರು:
ನಾನು ಫಿಸಿಕ್ಸ್ ಪಾಠ ಮಾಡುವವನು. ಕರೆಂಟ್ ಟೆಸ್ಟರ್ ಒಳಗಿನ ಕಿತ್ತಳೆ ದೀಪವೂ ಗ್ಲೋ ಡಿಸ್ಚಾರ್ಜೇ. ಜಾರ್ಜ್ ಕ್ಲೋಡ್ 1910ರಲ್ಲಿ ಪ್ಯಾರಿಸ್‌ನಲ್ಲಿ ತೋರಿಸಿದ ನಿಯಾನ್ ಕೊಳವೆಯೂ ಅದೇ. ಅಣ್ಣ ಹೇಳಿದ ಒತ್ತಡ ಮತ್ತು ಅಂತರದ ಲೆಕ್ಕ ಎಲ್ಲ ಕಡೆ ನಡೆಯುತ್ತದೆ. ಒತ್ತಡ ಕಡಿಮೆಯಾದಷ್ಟೂ ಆ ಕತ್ತಲೆ ಪದರ ದಪ್ಪವಾಗುತ್ತದೆ.

ಗದಗದವ, ಭೋಸರಿ:
ಅಣ್ಣಾ, ನೋಡಿದೆ. 6 ಎಂಎಂ ತೂತುಗಳೆಲ್ಲ ಕಪ್ಪು. 12 ಎಂಎಂದು ಒಂದೂ ಕೆಟ್ಟಿಲ್ಲ. ಇನ್ನೊಮ್ಮೆ ನೈಟ್ರೈಡಿಂಗ್ ಮಾಡಿದರೆ ಸರಿಹೋಗುತ್ತಾ?

ಕುಲುಮೆ ಅಣ್ಣ, ಚಾಕಣ್:
ಹಾಗಾದರೆ ಸ್ಟೀಲನ್ನು ಬೈಯುವ ಹಾಗಿಲ್ಲ. ಈ ಅಳತೆಗಳನ್ನು ಫೋಟೋ ಸಮೇತ ಅವರ ಮುಂದಿಡು.

ಇನ್ನೊಮ್ಮೆ ಮಾಡಿಸಬೇಡ. ಒಳಗಿನ ಸ್ಟೀಲ್ ಮೆತ್ತಗಾಗಿದೆ, ಮೇಲೆ ಗಟ್ಟಿ ಪದರ ಬಂದರೂ ಕೆಳಗೆ ಆಧಾರ ಇರುವುದಿಲ್ಲ. ತೂತಿನ ಅಂಚಿನಿಂದ ಹೊರಕ್ಕೆ ಹೋಗುತ್ತಾ ಹಾರ್ಡ್‌ನೆಸ್ ನೋಡು. ಮೆತ್ತಗಿನ ಭಾಗ ಅಗಲ ಇಲ್ಲದಿದ್ದರೆ ವೈರ್‌ಕಟ್‌ನಲ್ಲಿ (ತಂತಿಯ ಕಿಡಿಯಿಂದ ಕೊರೆಯುವ ಯಂತ್ರದಲ್ಲಿ) ತೂತು ದೊಡ್ಡದು ಮಾಡಿ ದಪ್ಪ ಪಿನ್ ಹಾಕಬಹುದು. ಮುಂದಿನ ಡೈ ಕೊಡುವಾಗ ಆ ತೂತುಗಳಿಗೆ ಸ್ಟೀಲ್ ಪಿನ್ ಬಿಗಿಯಾಗಿ ತುಂಬಿಸಿಯೇ ಕಳಿಸು. ಅದಕ್ಕೂ ಮೊದಲು ಒಳಗಿನ ಎಣ್ಣೆ ಪೂರ್ತಿ ತೊಳೆದಿರಬೇಕು, ಇಲ್ಲದಿದ್ದರೆ ಆರ್ಕ್ ಹೊಡೆಯುತ್ತದೆ.